ಕಾದ ಸಲಾಕೆ

'ಹಾಟ್ ರಾಡ್ ಕಟ್ಬೇಕು ಕಣ್ರಪ್ಪಾ. ನಿಮ್ಮ ಕೈಲಾಗುತ್ತಾ?'

2018ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮ ಶೆಡ್ಡಿನ ಮುಂದೆ ದೊಡ್ಡ ಕಾರು ನಿಲ್ಲಿಸಿ ಆ ಯಜಮಾನರು ಹೀಗೆ ಕೇಳಿದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಶೆಡ್ಡು ಅಂದರೆ ಬೆಂಗಳೂರಿನ ಒಂದು ಗಲ್ಲಿಯ ಕೊನೆಯಲ್ಲಿ ನಾಲ್ಕು ಕಂಬ, ಮೇಲೊಂದಿಷ್ಟು ತಗಡು. ನಮ್ಮ ಇಂಗ್ಲಿಷು ಸ್ಪ್ಯಾನರ್ ನಂಬರಿನಿಂದ ಆಚೆ ಹೋದದ್ದಲ್ಲ. ಹಾಟ್ ಅಂದರೆ ಬಿಸಿ, ರಾಡ್ ಅಂದರೆ ಸಲಾಕೆ. ಕಾದ ಸಲಾಕೆಯನ್ನು ಕಟ್ಟುವುದು ಅಂದರೇನು?

ನಮ್ಮಲ್ಲಿ ದೊಡ್ಡೋನು ಸಂಘಟನೆಯ ಅಧ್ಯಯನ ಶಿಬಿರಗಳಲ್ಲಿ ಕೂತು ಎದ್ದವನು. ಯಜಮಾನರು ಅತ್ತ ಹೋದ ಮೇಲೆ ಮೆಲ್ಲಗೆ ಅಂದ: 'ಕಾದ ಸಲಾಕೆ ನಮಗೇನ್ ಹೊಸದೇನ್ರಲಾ? ಮನು ಬರ್ದಿಟ್ಟವ್ನಲ್ಲ.' ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಅದಿದೆ. ದ್ವಿಜರ ಹೆಸರು, ಜಾತಿ ಹಿಡಿದು ಹೀಯಾಳಿಸಿದವನ ಬಾಯಿಗೆ ಹತ್ತು ಬೆರಳುದ್ದದ ಕೆಂಪಗೆ ಕಾದ ಕಬ್ಬಿಣದ ಗೂಟ ತುರುಕಬೇಕಂತೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಮತ್ತು ಅವರ ಸಂಗಾತಿಗಳು ಆ ಪುಸ್ತಕಕ್ಕೆ ಬೆಂಕಿ ಇಟ್ಟರು. ಪುಸ್ತಕ ಬೂದಿಯಾಯಿತು. ಸಲಾಕೆ ಮಾತ್ರ ಇನ್ನೂ ಆರಿಲ್ಲ.

ಗೆಳೆಯರೇ, ನಾವು ಹೇಳಹೊರಟಿರುವುದು ಒಂದು ಕಾರಿನ ಕತೆ. ಈ ಪತ್ರಿಕೆಯಲ್ಲಿ ಕಾರಿನ ಕತೆಗೇನು ಕೆಲಸ ಎಂದು ನೀವು ಕೇಳಬಹುದು. ಕಾರು ಉಳ್ಳವರದು, ಸರಿ. ಆದರೆ ಅದರ ಹೊಟ್ಟೆಯ ಕೆಳಗೆ ಮಲಗಿ ಎಣ್ಣೆ ಕುಡಿಯುವ ಬೆನ್ನು ಯಾರದು?

ಯಜಮಾನರಿಗೆ ಮಲೆನಾಡಿನಲ್ಲಿ ಕಾಫಿ ತೋಟ, ಬೆಂಗಳೂರಿನ ಆಚೆ ತೋಟದ ಮನೆ. ಮಗ ಅಮೆರಿಕದಲ್ಲಿ ಓದಿ ಬಂದವನು. ತೋಟದ ಹಳೇ ಗೋದಾಮಿನಲ್ಲಿ ಕಾಫಿ ಚೀಲಗಳ ಹಿಂದೆ ಒಂದು ಕಾರು ಇಪ್ಪತ್ತು ಮೂವತ್ತು ವರ್ಷದಿಂದ ಬಿದ್ದಿತ್ತು. ಮಾರಿಸ್ ಮೈನರ್. 1954ರದ್ದು. ಲಾರಿಯಿಂದ ಇಳಿಸಿದಾಗ ನಾವು ಕಂಡದ್ದು ಇಷ್ಟು: ಮುಂದಿನ ಗಾಜು ನಡುವೆ ಕಡ್ಡಿಯಿಟ್ಟು ಎರಡು ಹೋಳು, ನೆಲದ ತಗಡು ಹಪ್ಪಳ, ಸೀಟಿನ ಹುಲ್ಲಿನೊಳಗೆ ಇಲಿಯ ಸಂಸಾರ. ಆದರೆ ಮೈಕಟ್ಟು ಗಟ್ಟಿ. ಬೆರಳಿನಿಂದ ತಟ್ಟಿದರೆ ಠಣ್ ಅನ್ನುತ್ತಿತ್ತು.

ಈ ಪುಟ್ಟ ಕಾರಿಗೂ ಒಂದು ಚರಿತ್ರೆ ಇದೆ. ಇದರ ನಕ್ಷೆ ಬರೆದವನು ಅಲೆಕ್ ಇಸಿಗೋನಿಸ್. ಹುಟ್ಟಿದ್ದು ತುರ್ಕಿಯ ಸ್ಮಿರ್ನಾದಲ್ಲಿ. 1922ರಲ್ಲಿ ಆ ಊರು ಹೊತ್ತಿ ಉರಿದಾಗ ತಂದೆ ತಾಯಿಯ ಜೊತೆ ನಿರಾಶ್ರಿತನಾಗಿ ಹೊರಟವನು. ಸಾಮಾನ್ಯ ಜನ ಕೊಳ್ಳಬಹುದಾದ ಕಾರು ಮಾಡಬೇಕೆಂದು ಹೊರಟ. ಮಾದರಿ ತಯಾರಾದ ಮೇಲೆ ನೋಡಿದರೆ ಕಾರು ತೀರ ಇಕ್ಕಟ್ಟು, ಕಣ್ಣಿಗೂ ಸರಿಯಿಲ್ಲ. ಆಗ ಅದನ್ನು ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಸೀಳಿಸಿ, ಎರಡು ಹೋಳನ್ನು ದೂರ ಸರಿಸುತ್ತಾ ಹೋಗಿ, ಸರಿ ಕಂಡ ಕಡೆ ನಿಲ್ಲಿಸಿದ. ಬೆಸುಗೆ ಹಾಕುವಾಗ 4 ಅಂಗುಲ ಅಗಲವಾಗಿತ್ತು. ಇವತ್ತಿಗೂ ಮೈನರ್ ಬಾನೆಟ್ಟಿನ ನಡುವೆ ಒಂದು ಚಪ್ಪಟೆ ಪಟ್ಟಿ ಕಾಣುತ್ತದೆ. ಸೀಳಿದ ಗುರುತು ಅದು. ಕಂಪನಿಯ ದೊಡ್ಡ ಧಣಿ ನಫೀಲ್ಡ್ ಪ್ರಭುವಿಗೆ ಆ ಕಾರು ಕಂಡರಾಗದು. ಬೇಯಿಸಿದ ಮೊಟ್ಟೆಗೆ ಹೋಲಿಸಿ ನಕ್ಕನಂತೆ. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಹೊರಬಂದ ಅದೇ ಮೊಟ್ಟೆ, ಬ್ರಿಟನ್ನಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರಾಯಿತು. ಧಣಿಗಳ ನಗು ಯಾವತ್ತೂ ಹೀಗೇ.

ಹಾಟ್ ರಾಡ್ ಅಂದರೇನು ಎಂದು ನಮಗೆ ಹೇಳಿಕೊಟ್ಟವನು ಯಜಮಾನರ ಮಗ. ಆ ಹುಡುಗ ಮಾತಿಗೆ ಸಿಗುವವನು. ಫೋನಿನಲ್ಲಿ ಚಿತ್ರ ತೋರಿಸಿದ. ಕ್ಯಾಲಿಫೋರ್ನಿಯಾದಲ್ಲಿ ಒಣಗಿದ ಕೆರೆಗಳಿವೆ. ಉಪ್ಪು ಮಣ್ಣಿನ ಸಪಾಟು ಬಯಲು. ಎರಡನೇ ಮಹಾಯುದ್ಧದ ಮುಂಚೆ, ಆಮೇಲೆ ಇನ್ನೂ ಹೆಚ್ಚಾಗಿ, ದುಡಿದು ತಿನ್ನುವ ಮನೆಗಳ ಹುಡುಗರು ಗುಜರಿಯ ಹಳೇ ಫೋರ್ಡುಗಳನ್ನು ತಂದು, ಮಡ್‌ಗಾರ್ಡ್ ಕಿತ್ತು, ಚಾವಣಿಯ ಕಂಬ ಕತ್ತರಿಸಿ ತಗ್ಗಿಸಿ, ಬೇರೆ ಕಾರಿನ ದೊಡ್ಡ ಇಂಜಿನ್ ಕೂರಿಸಿ ಆ ಬಯಲಲ್ಲಿ ಓಡಿಸುತ್ತಿದ್ದರು. ಹೊಸ ಕಾರಿಗೆ ಕಾಸಿಲ್ಲ, ಕೈಯಲ್ಲಿ ಕಸುಬಿದೆ. ಅದೇ ಹಾಟ್ ರಾಡ್. 1948ರ ಜನವರಿಯಲ್ಲಿ ಅದೇ ಹೆಸರಿನ ಪತ್ರಿಕೆಯೂ ಶುರುವಾಯಿತು. ಇಂಗ್ಲೆಂಡಿನವರು ಇದನ್ನು ತಮ್ಮ ಸಣ್ಣ ಕಾರುಗಳಿಗೆ ಹಚ್ಚಿದರು. 1953ರಿಂದ 59ರವರೆಗೆ ಬಂದ ಫೋರ್ಡ್ ಪಾಪ್ಯುಲರ್ ಅಲ್ಲಿನ ಬಡವರ ಕಾರು. 1,172 ಸಿಸಿಯ ಅದರ ಇಂಜಿನ್ ಕಿತ್ತುಹಾಕಿ ದೊಡ್ಡದು ಕೂರಿಸುವುದು ಅಲ್ಲಿಯ ಗ್ಯಾರೇಜು ಹುಡುಗರ ಹಬ್ಬ. ಮಾರಿಸ್ ಮೈನರಿಗೂ ಅದೇ ಗತಿಯಾಯಿತು.

ಕೇಳಿ ನಮಗೆ ಖುಷಿಯಾಯಿತು. 'ಅಲ್ಲಿಗೂ ನಮ್ಮಂಥೋರೇ ಶುರು ಮಾಡಿದ್ದು ಅನ್ನು' ಎಂದ ನಮ್ಮ ಚಿಕ್ಕೋನು. ಆಗ ಅವನಿಗೆ ಇಪ್ಪತ್ತೊಂದು. ಐಟಿಐ ಮುಗಿಸಿ ಬಂದಿದ್ದ.

ಕೆಲಸ ತೋಟದ ಮನೆಯ ಶೆಡ್ಡಿನಲ್ಲೇ ನಡೆಯಬೇಕೆಂದಾಯಿತು. ಭಾನುವಾರ ಯಜಮಾನರ ಸ್ನೇಹಿತರು ಬರುತ್ತಿದ್ದರು. ಹಳೇ ಕಾರು ಇಟ್ಟುಕೊಂಡ ದೊಡ್ಡ ಮನುಷ್ಯರು. ನಾವು ಕಾರಿನ ಕೆಳಗೆ, ಅವರು ಪಕ್ಕದಲ್ಲಿ ಕುರ್ಚಿಯ ಮೇಲೆ. ಅವರ ಕಾಲು ಮಾತ್ರ ನಮಗೆ ಕಾಣುತ್ತಿತ್ತು. ಅವರದೊಂದೇ ಜಗಳ: ಇದನ್ನು ಕೆಡಿಸಬಾರದಿತ್ತು. ಚಾಸಿ ನಂಬರಿಗೂ ಇಂಜಿನ್ ನಂಬರಿಗೂ ತಾಳೆ ಇರಬೇಕು. ಕಂಪನಿಯಿಂದ ಬಂದ ದಿನ ಯಾವ ಇಂಜಿನ್ ಇತ್ತೋ ಅದೇ ಇರಬೇಕು, ಯಾವ ಬಣ್ಣವೋ ಅದೇ ಬಣ್ಣ. ಬೇರೆ ಕಾರಿನದು ಸೇರಿದರೆ ಕಾರಿನ ಕುಲ ಕೆಟ್ಟಿತು. 'ಇದು ಒರಿಜಿನಲ್, ಇದು ಪ್ಯೂರ್' ಎಂದು ಅವರು ಹೇಳುವ ಧಾಟಿ ನಮಗೆ ಹೊಸದಲ್ಲ. ಊರಲ್ಲಿ ಗುಡಿಯ ಬಾಗಿಲಲ್ಲಿ ಕೇಳಿ ಬೆಳೆದದ್ದು. ಮನುಷ್ಯರಿಗೆ ಗೋತ್ರ, ಕಾರಿಗೆ ನಂಬರು.

ಅಷ್ಟು ಹೊತ್ತಿಗೆ ನಮ್ಮ ಟೀ ಬರುತ್ತಿತ್ತು. ಕುರ್ಚಿಯವರಿಗೆ ಪಿಂಗಾಣಿ ಬಟ್ಟಲು, ನಮಗೆ ಕಾಗದದ ಲೋಟ. ನಮ್ಮ ಅಪ್ಪಂದಿರಿಗೆ ಊರ ಹೋಟೆಲಿನ ತಡಿಕೆಯಲ್ಲಿ ಸಿಕ್ಕಿಸಿದ ಬೇರೆ ಲೋಟ ಇತ್ತು. ಕುಡಿದು ತೊಳೆದು ಅವರೇ ಅಲ್ಲಿ ಸಿಕ್ಕಿಸಬೇಕಿತ್ತು. ನಮ್ಮ ಕಾಲಕ್ಕೆ ತೊಳೆಯುವ ಕೆಲಸವೂ ತಪ್ಪಿತು. ಕುಡಿದು ಬಿಸಾಡು. ಮೇಷ್ಟ್ರುಗಳೇ, ಮಕ್ಕಳಿಗೆ ಪ್ರಗತಿ ಎಂಬ ಪಾಠ ಮಾಡುವಾಗ ಇದನ್ನೂ ಹೇಳಿ.

ನಿಜ ಹೇಳಬೇಕೆಂದರೆ ಆ ಕೆಲಸವನ್ನು ನಾವು ಪ್ರೀತಿಸಿದೆವು. ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ, ಇದು ಬೇರೆ. ಇಲ್ಲಿ ಯಾವ ಪುಸ್ತಕವೂ ಇಲ್ಲ, ಕಂಪನಿಯ ಅಳತೆಯೂ ಇಲ್ಲ. ಒಂದಕ್ಕೊಂದು ಸೇರದ ಎರಡು ಕಾರುಗಳನ್ನು ಸೇರಿಸುವ ದಾರಿಯನ್ನು ನಾವೇ ಹುಡುಕಬೇಕು.

ಮೈನರಿನ ಸ್ವಂತ ಇಂಜಿನ್ 803 ಸಿಸಿ. 30 ಕುದುರೆ ಶಕ್ತಿ. ಯಜಮಾನರ ಮಗನಿಗೆ ಬೇಕಿದ್ದದ್ದು ಗುಡುಗುವ ಇಂಜಿನ್. ಶಿವಾಜಿನಗರದ ಗುಜರಿಯಲ್ಲಿ ಮೂರು ದಿನ ಅಲೆದೆವು. ಕೊನೆಗೆ ಸಿಕ್ಕಿದ್ದು ಒಂದು ಅಂಬಾಸಿಡರ್, 1800ರದ್ದು. ಅಂಬಾಸಿಡರ್ ಯಾರೆಂದುಕೊಂಡಿರಿ? ಅದೂ ಮಾರಿಸ್ ಮನೆತನದ್ದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನು ಬಂಗಾಳದ ಉತ್ತರಪಾರದಲ್ಲಿ 1957ರ ಸುಮಾರಿನಿಂದ ಮಾಡಲು ಹಿಡಿದರು, 2014ರಲ್ಲಿ ಕಾರ್ಖಾನೆ ನಿಂತಿತು. ಮಂತ್ರಿಗಳೂ ಕಲೆಕ್ಟರುಗಳೂ ಕೂತು ಓಡಾಡಿದ ಬಿಳೀ ಕಾರು. ತೊಂಬತ್ತರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಕಂಪನಿಯ 1,817 ಸಿಸಿ ಇಂಜಿನ್ನೂ ಐದು ಗೇರಿನ ಪೆಟ್ಟಿಗೆಯೂ ಬಂದವು. ನಮಗೆ ಸಿಕ್ಕಿದ್ದು ಅದು. ಎಪ್ಪತ್ತರ ಮೇಲೆ ಕುದುರೆ ಶಕ್ತಿ. ಇಂಗ್ಲೆಂಡಿನ ಮೈ, ಬಂಗಾಳದ ಆಕ್ಸಲ್, ಜಪಾನಿನ ಎದೆ, ಕೋಲಾರ ತುಮಕೂರಿನ ಕೇರಿಯ ಕೈ. ಕುರ್ಚಿಯ ಮೇಲಿನವರು ವರ್ಣಸಂಕರ ಅನ್ನಲಿ. ಸಂಕರವಾಗದೆ ಯಾವ ಯಂತ್ರವೂ ಮುಂದಕ್ಕೆ ಹೋಗಿಲ್ಲ, ಯಾವ ಸಮಾಜವೂ ಹೋಗಿಲ್ಲ.

ಮೈನರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ನೆಲ, ಬದಿ, ಚಾವಣಿ ಎಲ್ಲ ಬೆಸೆದು ಒಂದೇ ಪೆಟ್ಟಿಗೆ. ಹಾಗಾಗಿ ನೆಲ ತುಕ್ಕು ತಿಂದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ಮೊದಲ ಎರಡು ತಿಂಗಳು ನಾವು ಇಂಜಿನ್ ಮುಟ್ಟಲೇ ಇಲ್ಲ. ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡು ಬಡಿದು, ಬೆಸುಗೆ ಹಾಕಿದ್ದೇ ಹಾಕಿದ್ದು. ಬಾಗಿಲ ಜಾಗ ಹಿಗ್ಗದಂತೆ ಅಡ್ಡಕ್ಕೆ ಪೈಪು ಬೆಸೆದು ಆಮೇಲೆ ನೆಲ ಕತ್ತರಿಸಬೇಕು. ಇಲ್ಲವಾದರೆ ಕೆಲಸ ಮುಗಿದಾಗ ಬಾಗಿಲೇ ಹಾಕಿಕೊಳ್ಳುವುದಿಲ್ಲ. ನಮ್ಮ ದೊಡ್ಡೋನು ಟಿಂಕರ್ ಕೆಲಸದಲ್ಲಿ ಪಳಗಿದವನು. ತಗಡಿನ ಹಿಂದೆ ಕಬ್ಬಿಣದ ದಿಮ್ಮಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. 'ಕಣ್ಣು ಸುಳ್ಳು ಹೇಳ್ತದೆ, ಬೆರಳು ಹೇಳಲ್ಲ' ಅನ್ನುತ್ತಾನೆ.

ಆಮೇಲೆ ಇಂಜಿನ್. ಹೊಸದು ಉದ್ದ, ಹಳೆಯದರ ಜಾಗದಲ್ಲಿ ಕೂರುವುದಿಲ್ಲ. ಡ್ರೈವರಿನ ಕಾಲಿಗೂ ಇಂಜಿನ್ನಿಗೂ ನಡುವಿನ ತಗಡಿನ ಗೋಡೆಯನ್ನು ಹಿಂದಕ್ಕೆ ಸರಿಸಿದೆವು. ಗೇರ್ ಪೆಟ್ಟಿಗೆಗೆ ನೆಲದ ನಡುವಿನ ಉಬ್ಬನ್ನು ಸೀಳಿ ಅಗಲ ಮಾಡಿದೆವು. ಇಂಜಿನ್ ಕೂರುವ ಬ್ರಾಕೆಟ್ಟನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಹೊಂದಿಸಿ ನೋಡಿ ಆಮೇಲೆ ದಪ್ಪ ತಗಡಿನಲ್ಲಿ ಮಾಡಿದೆವು. ಹಿಂದಿನ ಆಕ್ಸಲ್ಲಿನದು ಇನ್ನೊಂದು ತಂಟೆ. ಮೈನರಿನದು ಎಪ್ಪತ್ತು ಕುದುರೆಯ ಏಟು ತಾಳದು. ಅಂಬಾಸಿಡರಿನದು ತಾಳುತ್ತದೆ, ಆದರೆ ಎರಡು ಮೂರು ಅಂಗುಲ ಅಗಲ ಹೆಚ್ಚು. ಲೇತ್ ಸಾಬರು ಆಕ್ಸಲ್ ಕೊಳವೆಯನ್ನು ಎರಡೂ ಕಡೆ ಕತ್ತರಿಸಿ, ಒಳಗಿನ ಶಾಫ್ಟನ್ನು ಗಿಡ್ಡ ಮಾಡಿ, ತುದಿಯ ಹಲ್ಲನ್ನು ಹೊಸದಾಗಿ ಕೊರೆದುಕೊಟ್ಟರು. ಪ್ರೊಪೆಲ್ಲರ್ ಶಾಫ್ಟನ್ನೂ ಕತ್ತರಿಸಿ, ನಡುಗದಂತೆ ತೂಕ ಕಟ್ಟಿದರು. ಇಸಿಗೋನಿಸ್ ಸೀಳಿ ಅಗಲ ಮಾಡಿದ್ದನ್ನು ನಾವು ಎಪ್ಪತ್ತು ವರ್ಷದ ಮೇಲೆ ಹೊಂದಿಸಲು ಕೂದಲೆಳೆ ಲೆಕ್ಕದಲ್ಲಿ ಒದ್ದಾಡಿದೆವು. ಸಾಬರು ಕೂಲಿ ಲೆಕ್ಕ ಹೇಳುವಾಗ ನಕ್ಕು, 'ಟೀ ಒಂದು ನನ್ನ ಲೋಟದಲ್ಲೇ ಕುಡಿದು ಹೋಗಿ' ಅಂದರು. ಒಂದೇ ಸ್ಟೀಲ್ ಲೋಟ. ನಾಲ್ಕು ಜನ ಕುಡಿದೆವು.

ಸೀಟಿನ ಕೆಲಸ ಬಂದಾಗ ಯಜಮಾನರು ನಮ್ಮ ಕಡೆ ತಿರುಗಿ, 'ಚರ್ಮದ ಕೆಲಸ ನಿಮ್ಮೋರಿಗೆ ಬರುತ್ತಲ್ಲಪ್ಪಾ, ರಕ್ತದಲ್ಲೇ ಇರುತ್ತಲ್ವಾ' ಅಂದರು. ಹೊಗಳಿಕೆ ಎಂದೇ ಹೇಳಿದ್ದು. ರಕ್ತದಲ್ಲಿ ಚರ್ಮದ ಕೆಲಸ ಇರುವುದಿಲ್ಲ ಸ್ವಾಮಿ. ಸತ್ತ ದನ ಹೊತ್ತು, ಸುಲಿದು, ತಂಗಡಿ ಚಕ್ಕೆಯ ನೀರಲ್ಲಿ ದಿನಗಟ್ಟಲೆ ನೆನೆಸಿ, ನಾತ ಉಂಡು ಕಲಿತದ್ದು. ನಮ್ಮ ನಡುವಿನವನ ಅಪ್ಪನಿಗೆ ಆಗ ಅರವತ್ತೈದು. ಉಳಿ, ರಂಪಿಗೆ ಎತ್ತಿಟ್ಟು ಎಷ್ಟೋ ವರ್ಷವಾಗಿತ್ತು. ಮಗ ಕರೆದನೆಂದು ಬಸ್ಸು ಹತ್ತಿ ಬಂದರು. ಎರಡು ವಾರ ನೆಲದ ಮೇಲೆ ಕೂತು ಕೈಹೊಲಿಗೆ ಹಾಕಿದರು. ಕಾಡಿಗೆ ಬಣ್ಣದ ಚರ್ಮಕ್ಕೆ ಕೆಂಪು ದಾರ. ಮಿಷನ್ನಿನ ಹೊಲಿಗೆ ಒಂದು ಕಡೆ ಬಿಟ್ಟರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಅವರದು ಎರಡು ಸೂಜಿಯ ಹೊಲಿಗೆ. ಒಂದು ದಾರ ಹರಿದರೂ ಇನ್ನೊಂದು ಹಿಡಿದುಕೊಳ್ಳುತ್ತದೆ.

ಕೆಲಸ ಮುಗಿದ ದಿನ ಕುರ್ಚಿಯವರಲ್ಲೊಬ್ಬರು ಸೀಟು ಸವರಿ, ಹರಳಯ್ಯನವರ ಕತೆ ತೆಗೆದರು. ಬಸವಣ್ಣನವರಿಗಾಗಿ ಹರಳಯ್ಯ ಕಲ್ಯಾಣಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದ ಕತೆ. ಕಣ್ಣಲ್ಲಿ ನೀರೂ ತಂದುಕೊಂಡರು. ಅಪ್ಪ ಕೇಳಿಸಿಕೊಂಡು ಕೂತಿದ್ದರು. ಆಮೇಲೆ ಅಂದರು: 'ಬುದ್ಧಿ, ಹರಳಯ್ಯ ದೊಡ್ಡೋನು. ಅವನಿಗೆ ಆಮೇಲೆ ಏನ್ ಮಾಡಿದ್ರು ಅನ್ನೋದೂ ಕತೇಲೈತೆ. ನಮ್ದು ತೊಡೆ ಚರ್ಮ ಅಲ್ಲ, ಹದಿನಾಲ್ಕು ದಿನದ ಕೂಲಿ.' ಆ ಮಾತು ಕೇಳಿ ನಾವು ಬೆಚ್ಚಿದೆವು. ಬೆಚ್ಚಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ. ಕೂಲಿ ಬಂತು, ನಾಲ್ಕು ದಿನದ್ದು ಕಡಿಮೆ.

ಇನ್ನು ಬ್ರೇಕಿನ ಮಾತು. ಈ ಬರಹ ಬರೆಯಲು ಕಾರಣವೇ ಅದು.

ಆ ಕಾಲದ ಮೈನರಿನ ಬ್ರೇಕು 7 ಅಂಗುಲದ ಡ್ರಮ್ಮು. 30 ಕುದುರೆಗೆ ಸಾಕು. ಶಾಲೆಯ ಮೇಷ್ಟ್ರುಗಳಿಗೆ ಗೊತ್ತಿರುವ ಲೆಕ್ಕವೇ: ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲ ಡ್ರಮ್ಮಿನಲ್ಲಿ ಶಾಖವಾಗಬೇಕು. ಸಣ್ಣ ಡ್ರಮ್ಮು ಆ ಶಾಖ ಬಿಡಲಾರದು. ಕಾದು ಹಿಗ್ಗುತ್ತದೆ, ಲೈನರು ಸುಟ್ಟು ಜಾರುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. 'ಸಾರ್, ಮೊದ್ಲು ಬ್ರೇಕು ದೊಡ್ದು ಮಾಡ್ಬೇಕು, ಆಮೇಲೆ ಬಣ್ಣ' ಎಂದು ಮೂರು ಸಲ ಹೇಳಿದೆವು. ಮುಂದಕ್ಕೆ ಡಿಸ್ಕ್ ಹಾಕಲು ತಗಲುವ ಖರ್ಚನ್ನು ಕಾಗದದಲ್ಲಿ ಬರೆದೂ ಕೊಟ್ಟೆವು. ಯಜಮಾನರಿಗೆ ಬಣ್ಣದ ಅವಸರ. ಮುಂದಿನ ವಾರ ಸ್ನೇಹಿತರು ಬರುತ್ತಾರೆ, ವಿಡಿಯೋ ತೆಗೆಯುತ್ತಾರೆ. ಕಾರಿನಲ್ಲಿ ಏನಾದರೂ ಒಂದು ಒರಿಜಿನಲ್ ಇರಲಿ, ಚಕ್ರ ಬ್ರೇಕು ಹಾಗೇ ಇರಲಿ ಎಂದು ಕುರ್ಚಿಯವರ ಸಲಹೆ ಬೇರೆ. ಮಡಿಗೆ ಕೊನೆಗೆ ಸಿಕ್ಕಿದ ಜಾಗ ಬ್ರೇಕು!

ಪೂಜೆಯಾಯಿತು. ಪೂಜಾರಿ ಬಂದರು, ಕುಂಕುಮ ಇಟ್ಟರು, ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟರು. 'ವಸಿ ಆ ಕಡೆ ನಿಂತ್ಕೊಳ್ಳಿ' ಅಂದರು ನಮಗೆ. ಆರು ತಿಂಗಳು ಅದರ ಹೊಟ್ಟೆಯೊಳಗೆ ಇದ್ದವರು ನಾವು. ಆ ಕಡೆ ನಿಂತೆವು. ಮಂತ್ರ ಮುಗಿದ ಮೇಲೆ ಓಡಿಸುವವರು ಯಾರು? ಆಗ ಎಲ್ಲರೂ ನಮ್ಮನ್ನು ನೋಡಿದರು. 'ಮೊದ್ಲು ನಿಮ್ಮೋರೇ ಒಂದ್ ರೌಂಡ್ ಹೊಡೀಲಿ.' ಗೌರವ ಎಂದು ಚಿಕ್ಕೋನು ಹಿಗ್ಗಿದ. ಕೂತ. ಇಂಜಿನ್ ಗುಡುಗಿತು. ಸುಳ್ಳೇಕೆ, ನಮ್ಮ ಎದೆಯೂ ಗುಡುಗಿತು.

ಒಂದು ರೌಂಡು ಹೊಡೆದ. ವಿಡಿಯೋ ಸರಿ ಬರಲಿಲ್ಲವೆಂದು ಇನ್ನೊಂದು. 'ಇನ್ನೂ ಜೋರಾಗಿ' ಎಂದು ಮೂರನೆಯದು. ತೋಟದ ರಸ್ತೆಯ ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗಿಯೇ ಇತ್ತಂತೆ. ಗಾಡಿ ನಿಲ್ಲಲಿಲ್ಲ. ಗೇರ್ ಇಳಿಸಿದ, ಹ್ಯಾಂಡ್ ಬ್ರೇಕ್ ಎಳೆದ. ಎದುರಿಗೆ ಜನ ನಿಂತಿದ್ದರು, ವಿಡಿಯೋದವರು. ಅವರನ್ನು ತಪ್ಪಿಸಲು ಸ್ಟೇರಿಂಗ್ ತಿರುಗಿಸಿ ಹುಣಸೇಮರಕ್ಕೆ ಕೊಟ್ಟ.

ಯಜಮಾನರು ಓಡಿ ಬಂದರು. ಮೊದಲು ಮುಂದಕ್ಕೆ ಹೋಗಿ ರೇಡಿಯೇಟರು ನೋಡಿದರು, ಆಮೇಲೆ ಬಾಗಿಲ ಹತ್ತಿರ ಬಂದರು. ಅವರು ರಾಕ್ಷಸರೆಂದು ನಾವು ಹೇಳುತ್ತಿಲ್ಲ. ತಮ್ಮ ದೊಡ್ಡ ಕಾರಿನಲ್ಲೇ ಆಸ್ಪತ್ರೆಗೆ ಕಳಿಸಿದರು. ಕಳಿಸುವ ಮೊದಲು ಸೀಟಿನ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಸಿಸಿದರು. ರಕ್ತವಾಗುತ್ತದೆ ಎಂದೋ, ಬೇರೆ ಏನು ಎಂದೋ, ನಾವು ಕೇಳಲಿಲ್ಲ. ಚಿಕ್ಕೋನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಡಾಕ್ಟರು ರಾಡ್ ಹಾಕಬೇಕು ಎಂದರು. ಹಾಕಿದರು.

ಹಾಟ್ ರಾಡ್ ಅಂದರೆ ಏನೆಂದು ನಮಗೆ ಅರ್ಥವಾಗದೆ ಹೋಗಿತ್ತಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅರ್ಥವಾಯಿತು.

ಅವತ್ತು ರಾತ್ರಿ ದೊಡ್ಡೋನು ನಮಗೆ ಚಾಳೀಸಗಾಂವಿನ ಕತೆ ಹೇಳಿದ. 1929. ಬಾಬಾಸಾಹೇಬರು ಸರ್ಕಾರದ ಸಮಿತಿಯೊಂದರ ಸದಸ್ಯರಾಗಿ ಅಸ್ಪೃಶ್ಯರ ಕಷ್ಟ ವಿಚಾರಿಸಲು ಖಾನದೇಶಕ್ಕೆ ಹೋಗಿದ್ದರು. ಚಾಳೀಸಗಾಂವಿನ ನಿಲ್ದಾಣದಲ್ಲಿ ಇಳಿದಾಗ ಕೇರಿಯ ಜನ ತಮ್ಮಲ್ಲಿಗೆ ಕರೆದೊಯ್ಯಲು ಬಂದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಕೊಡುತ್ತೇನೆ, ಓಡಿಸುವುದಿಲ್ಲ ಎಂದರು. ನಡೆಸಿಕೊಂಡು ಹೋದರೆ ತಮ್ಮ ಅತಿಥಿಗೆ ಅವಮಾನವೆಂದು ಕೇರಿಯವನೊಬ್ಬ, ಯಾವತ್ತೂ ಟಾಂಗಾ ಹೊಡೆದವನಲ್ಲ, ಲಗಾಮು ಹಿಡಿದ. ಮೋರಿಯ ಹತ್ತಿರ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು. ಕಾಲು ಮುರಿಯಿತು. ವಿದೇಶದಲ್ಲಿ ಓದಿದ ಬ್ಯಾರಿಸ್ಟರಿಗೆ ಟಾಂಗಾದವನ ಜಾತಿಯ ಅಭಿಮಾನ ಕಾಲು ಮುರಿಯಿತು.

ಅಂದು ಅವರು ಓಡಿಸಲು ಒಪ್ಪಲಿಲ್ಲ. ಇಂದು ನಮ್ಮನ್ನೇ ಓಡಿಸು ಎಂದರು. ಎರಡರ ಒಳಗೂ ಒಂದೇ ಲೆಕ್ಕ ಇದೆ. ಗಾಡಿಯ ಮಾನ ಮರ್ಯಾದೆ ಅವರದು. ಅದರ ಅಪಾಯ ನಮ್ಮದು.

ಆಸ್ಪತ್ರೆಯ ಮೊದಲ ದಿನದ ಬಿಲ್ಲು ಯಜಮಾನರು ಕಟ್ಟಿದರು. ಮಿಕ್ಕಿದ್ದು 'ನಿಮ್ಮ ಲೇಬರಲ್ಲಿ ಹೊಂದಿಸ್ಕೊಳ್ಳೋಣ' ಎಂದರು. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ ಈ ದೇಶದಲ್ಲಿ 1923ರಿಂದಲೇ ಇತ್ತು. ಬ್ರಿಟಿಷರ ಕಾಲದ್ದು, ಆ ಕಾರಿಗಿಂತ ಹಳೆಯದು. ವಕೀಲ ಗೆಳೆಯರು ಕೇಳಿದ್ದು ಒಂದೇ: 'ನೀವು ಅವರಲ್ಲಿ ಕೆಲಸಕ್ಕಿದ್ದಿರಿ ಎಂಬುದಕ್ಕೆ ಕಾಗದ ಏನಿದೆ?' ಏನೂ ಇರಲಿಲ್ಲ. ಬ್ರೇಕಿನ ಖರ್ಚು ಬರೆದುಕೊಟ್ಟ ಚೀಟಿಯ ನಕಲೂ ಇರಲಿಲ್ಲ. ಆಕ್ಸಲ್ಲನ್ನು ಕೂದಲೆಳೆಯಷ್ಟು ತಪ್ಪದೆ ಅಳೆದ ನಾವು, ನಮ್ಮ ಆರು ತಿಂಗಳನ್ನು ಯಾವ ಕಾಗದದಲ್ಲೂ ಅಳೆದಿಟ್ಟಿರಲಿಲ್ಲ. ಇದು ನಮ್ಮ ತಪ್ಪು ಎಂದು ಹೇಳಿಕೊಳ್ಳಲು ಹಿಂಜರಿಯುವುದಿಲ್ಲ. ಅಪ್ಪ ಮೂರನೇ ಕ್ಲಾಸೂ ಓದದೆ ಹದಿನಾಲ್ಕು ದಿನ ಎಣಿಸಿಟ್ಟಿದ್ದರು. ನಾವು ಐಟಿಐ ಓದಿ ಎಣಿಸಲಿಲ್ಲ.

ಬಾಕಿ ಕೂಲಿಗಾಗಿ ಮತ್ತೆ ಹೋದೆವು. ಮೂತಿ ಬಡಿದು ಸರಿ ಮಾಡಿದೆವು. ಈ ಸಲ ಯಜಮಾನರ ಮಗನೇ ಮುಂದೆ ಬಂದು ಡಿಸ್ಕ್ ಬ್ರೇಕಿಗೆ ದುಡ್ಡು ಬಿಚ್ಚಿದ. ಅಪ್ಪನ ಜೊತೆ ಜಗಳ ಮಾಡಿ ಬಿಚ್ಚಿದನೆಂದು ಆಮೇಲೆ ಗೊತ್ತಾಯಿತು. ಅವನ ಈ ಕೆಲಸವನ್ನು ನಾವು ಮರೆಯುವುದಿಲ್ಲ, ದೊಡ್ಡದು ಮಾಡಿಯೂ ಹೇಳುವುದಿಲ್ಲ.

ಕಾರು ತಯಾರಾಯಿತು. ರಸ್ತೆಗೆ ಇಳಿಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕ ಮಾಡಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿ ಹಿಡಿಯಿತು. 2021ರಲ್ಲಿ ಹಳೇ ಕಾರುಗಳಿಗೆಂದೇ ನಿಯಮ ಬಂತು. 50 ವರ್ಷ ದಾಟಿರಬೇಕು, ಬಾಡಿ ಚಾಸಿ ಇಂಜಿನ್ ಹೆಚ್ಚು ಬದಲಾಗಿರಬಾರದು. ನಮ್ಮ ಕಾರು ಹಳೆಯದರ ಪಂಕ್ತಿಗೂ ಸೇರದು, ಹೊಸದರ ಪಂಕ್ತಿಗೂ ಸೇರದು. ಊರೊಳಗೆ ಪ್ರವೇಶವಿಲ್ಲ. ತೋಟದ ಬೇಲಿಯೊಳಗೆ ಓಡಬಹುದು. ಬ್ರೇಕಿಲ್ಲದ ಗಾಡಿ ಮರಕ್ಕೆ ಹೋದದ್ದನ್ನು ಕಂಡ ನಾವು ಅಂಥ ಕಾನೂನನ್ನು ಬೇಡ ಅನ್ನಲಾರೆವು. ರಸ್ತೆಯಲ್ಲಿ ನಡೆಯುವವರು ನಮ್ಮ ಜನವೇ. ಆದರೂ 'ಊರೊಳಗೆ ಪ್ರವೇಶವಿಲ್ಲ' ಎಂಬುದನ್ನು ಕೇಳಿದಾಗ ಆ ಕಾರು ನಮ್ಮದೇ ಕೇರಿಯದು ಅನಿಸಿತು.

ಲಾರಿಯ ಮೇಲೆ ಹೊತ್ತು ಒಂದು ಪ್ರದರ್ಶನಕ್ಕೆ ಒಯ್ದರು. ನಾವೂ ಹೋದೆವು, ಚಿಕ್ಕೋನು ಊರುಗೋಲಿನಲ್ಲಿ. ಕಾರಿನ ಮುಂದೆ ಹಿತ್ತಾಳೆ ಫಲಕ. ಅದರಲ್ಲಿ ಕಾರಿನ ವರ್ಷ, ಇಂಜಿನ್, ಕೆಳಗೆ 'ನಿರ್ಮಾಣ' ಎಂದು ಯಜಮಾನರ ಹೆಸರು. ಜನ ಸೀಟಿನ ಕೆಂಪು ದಾರದ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಬಹುಮಾನ ಬಂತು. ಫೋಟೋ ತೆಗೆಯುವಾಗ ನಮಗೆ ಮತ್ತೆ 'ವಸಿ ಆ ಕಡೆ' ಎಂದಾಯಿತು.

ಅಮೆರಿಕದಲ್ಲಿ ವೆಂಡೆಲ್ ಸ್ಕಾಟ್ ಎಂಬ ಕರಿಯ ಮೆಕ್ಯಾನಿಕ್ ಇದ್ದ. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಂಡು ರೇಸಿಗೆ ಇಳಿಯುತ್ತಿದ್ದವನು. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಗೆದ್ದ. ಗೆದ್ದವನಿಗೆ ಬಾವುಟ ಬೀಸಲಿಲ್ಲ. ಎರಡು ಸುತ್ತು ಹಿಂದಿದ್ದ ಬಿಳಿಯನ ಕೈಗೆ ಕಪ್ಪು ಕೊಟ್ಟು ಫೋಟೋ ತೆಗೆದರು. ಜನವೆಲ್ಲ ಹೋದ ಮೇಲೆ ಲೆಕ್ಕದಲ್ಲಿ ತಪ್ಪಾಗಿದೆ, ಗೆದ್ದವನು ನೀನೇ ಎಂದರು. ಕಪ್ಪು ಅವನ ಮನೆಯವರಿಗೆ ಸಿಕ್ಕಿದ್ದು 2021ರಲ್ಲಿ. ಅವನು ಸತ್ತು ಮೂವತ್ತು ವರ್ಷ ದಾಟಿತ್ತು. ಲೆಕ್ಕದಲ್ಲಿ ತಪ್ಪಾಗುವುದು ಯಾವಾಗಲೂ ಒಂದೇ ಕಡೆಗೆ, ನೋಡಿ.

ನಾವು ಐವತ್ತೆಂಟು ವರ್ಷ ಕಾಯಲು ತಯಾರಿಲ್ಲ. ಈಗ ನಮ್ಮ ಶೆಡ್ಡಿನಲ್ಲಿ ಒಂದು ದಪ್ಪ ಪುಸ್ತಕ ಇದೆ. ಯಾವ ಗಾಡಿ, ಯಾವ ತಾರೀಖು, ಯಾರ ಕೈ ಏನು ಮಾಡಿತು, ಎಷ್ಟು ದಿನ, ಎಷ್ಟು ಕೂಲಿ, ಎಲ್ಲ ಅದರಲ್ಲಿ. ಯಾವುದು ಅಪಾಯ ಎಂದು ನಾವು ಹೇಳಿದೆವು, ಗಾಡಿಯವರು ಏನೆಂದರು, ಅದೂ ಇದೆ. ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ, ಗಾಡಿಯವರ ಸಹಿ. ಸಹಿ ಹಾಕದಿದ್ದರೆ ಬಾನೆಟ್ ಎತ್ತುವುದಿಲ್ಲ. ಒಂದಷ್ಟು ಗಿರಾಕಿಗಳು ಬೈದು ಹೋದರು. ಹೋಗಲಿ. ಪುಸ್ತಕ ಬರೆಯುವವನು ಚಿಕ್ಕೋನು. ಮಳೆಗಾಲದಲ್ಲಿ ಅವನ ಕಾಲಿನ ರಾಡು ಸೆಳೆಯುತ್ತದೆ. ಆಗ ಕೂತು ಬರೆಯುವ ಕೆಲಸ ಅವನಿಗೂ ಅನುಕೂಲ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ನಿಮ್ಮ ಹುಡುಗರಿಗೆ ವೇಗದ ವರ್ಗದ ಲೆಕ್ಕ ಹೇಳಿಕೊಡುವಾಗ ಆ 7 ಅಂಗುಲದ ಡ್ರಮ್ಮಿನ ಕತೆಯನ್ನೂ ಹೇಳಿ. ಕೂಲಿ ಚೀಟಿ ಬರೆಯುವುದನ್ನು ಪತ್ರಲೇಖನದ ಜೊತೆಗೇ ಕಲಿಸಿ. ವಿದ್ಯಾರ್ಥಿ ಗೆಳೆಯರೇ, ಕವಿತೆ ಬರೆಯಿರಿ, ನಮಗೂ ಕೇಳಲು ಇಷ್ಟ. ಜೊತೆಗೆ ನಿಮ್ಮ ಊರಿನ ಗ್ಯಾರೇಜಿಗೆ, ಚಪ್ಪಲಿ ಅಂಗಡಿಗೆ, ಕುಲುಮೆಗೆ ಹೋಗಿ, ಅಲ್ಲಿ ಯಾರು ಏನು ಮಾಡಿದರು ಎಂದು ಹೆಸರು ಹಾಕಿ ಬರೆದಿಡಿ.

ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಆ ಮಾರಿಸ್ ಮೈನರಿನ ಲೆಕ್ಕವನ್ನೇ ನೆನಪಿನಿಂದ ಬರೆದಿದ್ದೇವೆ. ಅದಕ್ಕೆ ಯಾರ ಸಹಿಯೂ ಇಲ್ಲ. ಕೊನೆಯ ಸಾಲು ಹೀಗಿದೆ: ಸೀಟು ಹೊಲಿಗೆ, ಹದಿನಾಲ್ಕು ದಿನ, ಬಾಕಿ ನಾಲ್ಕು.